ಜೈಲಿಗೆ ಹೋಗಿ ಬಂದವನಿಗೆ ಬೀಗದ ಕೆಲಸ

ಕೇಳಿ ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಾಸ್ತಿಯಿಂದ ಮೊದಲ ಬಸ್ಸಿಗೆ ಮಾಲೂರಿಗೆ ಹೋಗಿ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಕೇಳಿದೆ. ಮಾಲೀಕರು ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿ ಕಾಯುತ್ತ ಕೂತಿದ್ದರು. ಆರು ತಿಂಗಳು ಜೈಲಿನಲ್ಲಿದ್ದೆ ಎಂದು ನಾನೇ ಹೇಳಿದೆ. ಯಾಕೆ ಎಂದು ಅವರು ಕೇಳಲೂ ಇಲ್ಲ.

"ಅಂಥೋರನ್ನ ನಾವು ತಗೊಳ್ಳಲ್ಲಪ್ಪ. ಇದು ಮರ್ಯಾದಸ್ತರ ಜಾಗ."

ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಮಧ್ಯಾಹ್ನ ಅವರ ಲೆಕ್ಕ ಬರೆಯೋ ರೈಟರು ಸೈಕಲ್ ತುಳಿದುಕೊಂಡು ಹುಡುಕಿಕೊಂಡು ಬಂದ. "ಸಾಹುಕಾರ್ರು ಕರೀತಾವ್ರೆ, ಬೇಗ ಬಾ."

ಮನಸ್ಸು ಕರಗಿತೇನೋ ಎಂದು ಓಡಿದೆ. ಆಫೀಸಿನ ಕಬ್ಬಿಣದ ಬೀರುವಿನ ಬೀಗದ ಕೈ ಕಳೆದುಹೋಗಿತ್ತಂತೆ. ಮರ್ಯಾದಸ್ತರು ಬಾಗಿಲು ಮುಂದೆ ಮಾಡಿ, ನನ್ನ ಕೈಗೊಂದು ತಂತಿ ಕೊಟ್ಟು, ಮೆಲ್ಲಗೆ ಹೇಳಿದರು: "ತೆಗಿಯಪ್ಪ, ನಿಂಗೆ ಅಭ್ಯಾಸ ಇರುತ್ತೆ."

"ನಂಗೆ ಬರಲ್ಲ ಸಾರ್. ಕೆರೆ ನೀರಿನ ಸರದಿಗೆ ಜಗಳ ಆಗಿ ಪಕ್ಕದ ಗದ್ದೆಯೋನ ಕೈ ಮುರಿದಿದ್ದೆ, ಅದಕ್ಕೆ ಹೋಗಿದ್ದು."

ಅವರ ಮುಖ ಹುಳ್ಳಗಾಯಿತು. "ಆರು ತಿಂಗ್ಳು ಇದ್ದು ಅಲ್ಲಿ ಏನ್ಲಾ ಕಲ್ತೆ ಮತ್ತೆ?"

ಬೆಳಿಗ್ಗೆ, ಜೈಲಿಗೆ ಹೋಗಿದ್ದಕ್ಕೆ ಕೆಲಸಕ್ಕೆ ಬಾರದವನಾದೆ. ಮಧ್ಯಾಹ್ನ, ಹೋಗಿಯೂ ಕಳ್ಳತನ ಕಲಿಯದೆ ಬಂದಿದ್ದಕ್ಕೆ.