ಸುರುಳಿ ಬೇಡವೆಂದ ಹಲ್ಲಿನಕ್ಕ

ಬೀದಿಯವರೆಲ್ಲ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಅಚ್ಚಿಗೆ ಪ್ಲಾಸ್ಟರ್ ಸುರಿಯಬೇಕು, ಮೇಣದ ಒಸಡಿನಲ್ಲಿ ಹಲ್ಲು ಕೂರಿಸಬೇಕು, ಕಚ್ಚಿದರೆ ಮೇಲಿನದು ಕೆಳಗಿನದು ಸರಿಯಾಗಿ ಸೇರುವವರೆಗೂ ಉಜ್ಜುತ್ತಲೇ ಇರಬೇಕು. ಸಂಜೆ ಹೊತ್ತಿಗೆ ಹುಬ್ಬಿನ ಮೇಲೂ ಬಿಳಿ ಪುಡಿ. ಕೈ ತೊಳೆದು, ಉಗುರಿನ ಸಂದಿಯನ್ನು ಬ್ರಶ್ಶಿನಿಂದ ತಿಕ್ಕಿ, ಮ್ಯಾಂಡೊಲಿನ್ ಚೀಲ ಹೆಗಲಿಗೇರಿಸಿ ಹೊರಟರೆ ಅವಳು ಬೇರೆಯೇ ಹೆಂಗಸು.

ಹೋಗುತ್ತಿದ್ದದ್ದು ಭಾವನ ತಂಡಕ್ಕೆ. ಭಾವ ಅಂದರೆ ಅಕ್ಕನ ಗಂಡ. ಹೋಟೆಲುಗಳಲ್ಲಿ, ಮದುವೆ ಮನೆಗಳಲ್ಲಿ ನುಡಿಸುವ ಐದು ಜನರ ತಂಡ ಅವನದು. ಮುಂದೆ ನಿಲ್ಲುವವನು ಅವನು, ಮೈಕು ಅವನಿಗೆ. ಅವನ ಮ್ಯಾಂಡೊಲಿನ್ನಿನ ಹೆಗಲ ಮೇಲೆ ಮರದಲ್ಲೇ ಕೆತ್ತಿದ ದೊಡ್ಡ ಸುರುಳಿ, ಪಕ್ಕದಲ್ಲಿ ಎರಡು ಚೂಪು ಮೊನೆ, ಮೈತುಂಬ ಕಡುಗೆಂಪು ಪಾಲಿಶ್. ಹಲ್ಲಿನಕ್ಕನದು ಸುರುಳಿಯಿಲ್ಲದ, ಮೊನೆಯಿಲ್ಲದ, ನೀರಿನ ಹನಿಯ ಆಕಾರದ್ದು. ಪ್ಲೈವುಡ್ಡಿನ ಮೈ. ಅದರ ದನಿ ಮೊದಲನೇ ಸಾಲು ಮುಟ್ಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಭಾವ ಅದಕ್ಕೆ ಸೌಟು ಎಂದು ಹೆಸರಿಟ್ಟಿದ್ದ.

"ಸೌಟು ಹಿಂದೆ ಇರಲಮ್ಮ, ಫೋಟೋದಲ್ಲಿ ಬೀಳೋದು ಬೇಡ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಾದಿನಿಯನ್ನು ಭಾವ ಛೇಡಿಸುವುದು ಇದ್ದದ್ದೇ ಎಂದು ನುಂಗಿಕೊಂಡಿದ್ದಳು.

ಆದರೆ ಆ ಟ್ಯೂನಿನ ವಿಷಯ ನುಂಗುವಂಥದ್ದಲ್ಲ.

ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಜೆ ಹಾಕಿ ಪಕ್ಕದಲ್ಲಿ ಕೂತವಳು ಹಲ್ಲಿನಕ್ಕ. ಅಕ್ಕನಿಗೆ ಆಸ್ಪತ್ರೆಯ ವಾಸನೆ ಆಗುತ್ತಿರಲಿಲ್ಲ. ವಾದ್ಯ ತರುವ ಹಾಗಿರಲಿಲ್ಲವಾದ್ದರಿಂದ ಮಂಚದ ಕಬ್ಬಿಣದ ಸರಳನ್ನೇ ಮ್ಯಾಂಡೊಲಿನ್ನಿನ ಕತ್ತು ಮಾಡಿಕೊಂಡು, ಅಮ್ಮನ ಉಸಿರಿನ ಲಯಕ್ಕೆ ಬೆರಳಾಡಿಸುತ್ತ ಅವಳೊಂದು ಟ್ಯೂನು ಕಟ್ಟಿದಳು. ಎರಡು ಭಾಗ ಆಗಿತ್ತು. ಒಂದು ಸಂಜೆ ತಂಡದ ಕೋಣೆಯಲ್ಲಿ ನುಡಿಸಿ ತೋರಿಸಿದಾಗ ಭಾವ ಕಣ್ಣು ಮುಚ್ಚಿ ಕೇಳಿದ. "ಇನ್ನೊಂದ್ಸಲ ನುಡಿಸು" ಅಂದ. ಅವಳಿಗೆ ಹಿಗ್ಗೋ ಹಿಗ್ಗು. ಕೂರಿಸಿಕೊಂಡು ಕಲಿಸಿಕೊಟ್ಟಳು.

ಅಮ್ಮ ಹೋದಳು. ಹಲ್ಲಿನಕ್ಕ ಇನ್ನೂ ಮನೆಯಿಂದ ಹೊರಗೆ ಕಾಲಿಡದೆ ಇದ್ದ ದಿನಗಳಲ್ಲಿ ತಂಡದವರು ಒಂದು ದೊಡ್ಡ ಸಭಾಂಗಣದಲ್ಲಿ ನುಡಿಸಿದರು. ಅಲ್ಲಿ ಭಾವ ಆ ಟ್ಯೂನು ನುಡಿಸಿದ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಇದು ಯಾರ ರಚನೆ ಎಂದು ನಿರೂಪಕಿ ಕೇಳಿದ್ದಕ್ಕೆ ಅವನು ಎದೆ ಮೇಲೆ ಕೈಯಿಟ್ಟು, "ಒಂದಿನ ಬೆಳಿಗ್ಗೆ ತಾನಾಗೇ ಬಂತು" ಅಂದನಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನೂ ಚಪ್ಪಾಳೆ ತಟ್ಟಿದಳಂತೆ. ಇದನ್ನೆಲ್ಲ ತಂಡದ ಗಿಟಾರಿನವನು ಬಂದು ಹೇಳಿದ.

ಹಲ್ಲಿನಕ್ಕ ಸೀದಾ ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಚುತ್ತಿದ್ದಳು.

"ಅದು ನಂದು ಅಂತ ನಿಂಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತಪ್ಪ. ಏನೀಗ?" ಅಕ್ಕ ತಲೆ ಎತ್ತಲಿಲ್ಲ. "ಮನೆಯೋರೇ ತಾನೆ ನುಡಿಸಿದ್ದು? ನಿನ್ನ ಸೌಟಲ್ಲಿ ನುಡಿಸಿದ್ರೆ ಯಾರಿಗೆ ಕೇಳ್ತಿತ್ತು ಹೇಳು."

ಹಲ್ಲಿನಕ್ಕ ಮೆಟ್ಟಿಲಿಳಿದಳು. ಆವತ್ತಿನಿಂದ ಯಾರದೋ ಹಲ್ಲು ಉಜ್ಜುವಾಗಲೂ ಅವಳಿಗೆ ಕಾಣುತ್ತಿದ್ದದ್ದು ಭಾವನ ನಗು. ಆದರೂ ತಂಡ ಬಿಡಲಿಲ್ಲ. ಬಿಟ್ಟರೆ ಮುಯ್ಯಿ ತೀರಿಸುವುದೆಲ್ಲಿ? ಹಿಂದಿನ ಕುರ್ಚಿಯಲ್ಲೇ ಕೂತು, ಹೇಳಿದ್ದಷ್ಟನ್ನು ನುಡಿಸಿಕೊಂಡು, ಮನೆಗೆ ಬಂದು ಆ ಟ್ಯೂನಿಗೆ ಮೂರನೇ ಭಾಗ ಕಟ್ಟಿದಳು. ಅದನ್ನು ಯಾರ ಕಿವಿಗೂ ಹಾಕಲಿಲ್ಲ.

ಇನ್ನು ಬೇಕಾಗಿದ್ದದ್ದು ವಾದ್ಯ. ಊರಾಚೆ ಮರದ ಅಡ್ಡೆಗಳ ಸಾಲಿನಲ್ಲಿ ಮ್ಯಾಂಡೊಲಿನ್ ಮಾಡುವ ಬಡಗಿಯೊಬ್ಬನಿದ್ದ. ಒಂದು ಕಿವಿ ಮಂದ; ಚೆನ್ನಾಗಿ ಕೇಳುವ ಕಿವಿಯನ್ನು ಗಿರಾಕಿಯ ಕಡೆ ತಿರುಗಿಸಿಕೊಂಡೇ ಮಾತಾಡುತ್ತಿದ್ದ. ಹಲ್ಲಿನಕ್ಕ ಒಳಗೆ ಕಾಲಿಟ್ಟವಳೇ ಹೇಳಿದಳು: "ಸುರುಳಿ ಇರೋದು ಬೇಕು. ದೊಡ್ಡ ಸುರುಳಿ. ಇನ್ನೂ ಕೆಂಪಗಿರ್ಬೇಕು."

"ಯಾರದಕ್ಕಿಂತ ಕೆಂಪಗೆ?" ಎಂದ ಬಡಗಿ. ಅವನಿಗೆ ಗಿರಾಕಿಗಳ ಮುಖ ಓದಿ ಅಭ್ಯಾಸವಿತ್ತು.

ಅವನು ಮೊದಲು ಕೈಗಿತ್ತದ್ದು ಬೇರೆ ವಾದ್ಯ. ಹನಿಯ ಆಕಾರ, ನಡುವೆ ದುಂಡನೆಯ ತೂತು. ಅವಳು ಮೀಟಿದಳು. ತಂತಿ ಬಿಟ್ಟ ಮೇಲೂ ದನಿ ಎಷ್ಟೋ ಹೊತ್ತು ಕೋಣೆಯಲ್ಲೇ ಓಡಾಡಿಕೊಂಡಿತ್ತು. ಅರಿವಿಲ್ಲದೆಯೇ ಬೆರಳು ಅಮ್ಮನ ಟ್ಯೂನಿಗೆ ಇಳಿಯಿತು.

"ನಿಮ್ಮ ಕೈಗೆ ಇದೇ ಸರಿ" ಅಂದ ಬಡಗಿ. "ಮೆತ್ತಗೆ ಮಾತಾಡುತ್ತೆ."

"ಮೆತ್ತಗೆ ಮಾತಾಡಿದ್ದು ಸಾಕಾಗಿದೆ. ನಾಲ್ಕು ಜನರ ಹಿಂದೆ ಕೂತು, ಮೈಕಿಲ್ದೆ ನುಡಿಸಿದ್ರೂ ಕೊನೇ ಸಾಲಿಗೆ ಕೇಳ್ಬೇಕು. ಅಂಥದ್ದು ಕೊಡಿ."

ಬಡಗಿ ನಕ್ಕು ಇನ್ನೆರಡು ತಂದ. ಎರಡರಲ್ಲೂ ದುಂಡು ತೂತಿನ ಬದಲು ಎರಡು ಪಕ್ಕಕ್ಕೂ ಉದ್ದನೆಯ ಸೀಳು. ಒಂದಕ್ಕೆ ಸುರುಳಿ, ಮೊನೆ, ಎಲ್ಲ ಶೃಂಗಾರ. ಇನ್ನೊಂದು ಬೋಳು ಹನಿ. ಅವಳು ಸುರುಳಿಯದನ್ನು ಎತ್ತಿಕೊಂಡು ಮೀಟಿದಳು. ದನಿ ಗೋಡೆಗೆ ಗುದ್ದಿ ಬಂತು. ಬೋಳು ಹನಿಯನ್ನು ಮೀಟಿದಳು. ಅದೂ ಅಷ್ಟೇ ಜೋರು, ಅದೇ ಗುದ್ದು.

"ವ್ಯತ್ಯಾಸ ಏನು?"

"ಸುರುಳಿ ಕೆತ್ತೋಕೆ ನನ್ನ ಕೈ ಸವೆಯುತ್ತೆ, ಅದೇ ವ್ಯತ್ಯಾಸ. ಮರ ಒಂದೇ, ಸೀಳೂ ಒಂದೇ. ಸುರುಳಿಗೆ ಹೆಗಲ ಪಟ್ಟಿ ಕಟ್ಕೋಬಹುದು, ಕೂತಾಗ ಮೊನೆ ತೊಡೆ ಮೇಲೆ ನಿಲ್ಲುತ್ತೆ. ದನಿಗೇನೂ ಸೇರಲ್ಲ. ಆದ್ರೆ ನೋಡೋರ ಕಣ್ಣು ಅಲ್ಲಿಗೇ ಹೋಗುತ್ತೆ, ನಿಜ."

ಮೂಲೆಯಲ್ಲಿ ಒಂದು ಕನ್ನಡಿ ಇತ್ತು. ಹಲ್ಲಿನಕ್ಕ ಸುರುಳಿಯದನ್ನು ಎದೆಗವಚಿಕೊಂಡು ಅದರ ಮುಂದೆ ನಿಂತಳು. ಕನ್ನಡಿಯಲ್ಲಿ ನಿಂತಿದ್ದವನು ಭಾವ! ಅದೇ ಠೀವಿ, ಅದೇ ಕೆಂಪು. ಇದನ್ನು ಹಿಡಿದು ಅವನನ್ನು ಸೋಲಿಸಿದರೂ ಅವನು ಅವಳ ಬೆನ್ನು ತಟ್ಟಿ, ನನ್ನ ನೋಡಿ ಕಲಿತವಳು, ನಾನೇ ತಯಾರು ಮಾಡಿದ್ದು ಎಂದು ಜನಕ್ಕೆ ಹೇಳಿಯಾನು. ಅದೂ ತಾನಾಗೇ ಬಂದದ್ದೆನ್ನುವ ಹಾಗೆ ಹೇಳಿಯಾನು. ಬೋಳು ಹನಿಯ ಮುಂದೆ ಸೋತರೆ ಇದರಲ್ಲಿ ನನ್ನದೂ ಪಾಲಿದೆ ಎನ್ನಲು ಅವನಿಗೆ ಜಾಗವಿರುವುದಿಲ್ಲ. ತಾನೇ ಸೌಟು ಎಂದು ಊರೆಲ್ಲ ಹೇಳಿಕೊಂಡು ಬಂದ ಆಕಾರವಲ್ಲವೆ?

"ಇದು ಬೇಡ" ಎಂದು ಸುರುಳಿಯದನ್ನು ವಾಪಸು ಕೊಟ್ಟಳು. "ಬೋಳಾಗಿರೋದನ್ನೇ ಚೀಲಕ್ಕೆ ಹಾಕಿಕೊಡಿ."

ದುಂಡು ತೂತಿನದರ ಕಡೆ ಒಮ್ಮೆ ನೋಡಿದಳು. ಮನಸ್ಸು ಹಿಡಿದೆಳೆಯಿತು. ಹಲ್ಲು ಕಚ್ಚಿಕೊಂಡು ಹೊರಟಳು.

ತಂಡದ ಮುಂದಿನ ದೊಡ್ಡ ಕಾರ್ಯಕ್ರಮ ಅದೇ ಸಭಾಂಗಣದಲ್ಲಿ. ಅವಳ ಹೊಸ ಚೀಲದಿಂದ ಹೊರಬಂದ ವಾದ್ಯ ನೋಡಿ ಭಾವ ಹುಬ್ಬೇರಿಸಿದ. "ಓಹೋ, ಸೌಟಿಗೆ ಪಾಲಿಶ್ ಹಾಕಿಸಿದೀಯಾ?"

"ಹೂಂ ಭಾವ, ನಿಮ್ಮ ಆಶೀರ್ವಾದ" ಅಂದಳು.

ಕೊನೆಗೆ ಆ ಟ್ಯೂನು ಬಂತು. ಭಾವ ಮೈಕಿನ ಮುಂದೆ ಮೊದಲ ಭಾಗ ನುಡಿಸಿದ, ಎರಡನೆಯದು ನುಡಿಸಿದ. ಅದಾದ ಮೇಲೆ ಅವನು ಮೊದಲ ಭಾಗಕ್ಕೇ ವಾಪಸಾಗಿ ಒಂದಷ್ಟು ಬೆರಳಾಟ ತೋರಿಸಿ ಮುಗಿಸುತ್ತಿದ್ದ. ಆವತ್ತು ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನ ಕುರ್ಚಿಯಿಂದ ಮೂರನೇ ಭಾಗ ಎದ್ದಿತು. ಮೈಕಿಲ್ಲ, ಏನಿಲ್ಲ. ಬಿರುಸಾಗಿ, ಒಂದೊಂದು ಸ್ವರವೂ ಕಲ್ಲು ಬಿದ್ದ ಹಾಗೆ. ಗಿಟಾರಿನವನು ಒಮ್ಮೆ ಅವಳ ಕಡೆ ನೋಡಿ, ತುಟಿಯಂಚಿನಲ್ಲಿ ನಕ್ಕು ಅವಳ ಬೆನ್ನು ಹತ್ತಿದ. ತಬಲದವನೂ ಬಂದ. ಭಾವ ನಡುವೆ ಸೇರಿಕೊಳ್ಳಲು ನೋಡಿದ, ತಪ್ಪು ಸ್ವರ ಹಿಡಿದ. ಮೈಕು ಅದನ್ನು ಇಡೀ ಸಭಾಂಗಣಕ್ಕೆ ನಿಷ್ಠೆಯಿಂದ ಮುಟ್ಟಿಸಿತು. ಆಮೇಲೆ ಅವನು ಇಂಗು ತಿಂದ ಮಂಗನ ಹಾಗೆ ಸುಮ್ಮನೆ ನಿಂತ.

ಚಪ್ಪಾಳೆ ನಿಂತಾಗ ಹಲ್ಲಿನಕ್ಕ ಎದ್ದು ಮೈಕಿನ ಹತ್ತಿರ ಬಂದಳು. ಭಾವ ತಾನಾಗೇ ಸರಿದು ಜಾಗ ಬಿಟ್ಟ.

"ಈ ಟ್ಯೂನು ನಾನು ಆಸ್ಪತ್ರೇಲಿ ನಮ್ಮಮ್ಮನ ಪಕ್ಕ ಕೂತು ಕಟ್ಟಿದ್ದು" ಅಂದಳು. "ನಮ್ಮ ಭಾವನಿಗೆ ಎರಡು ಭಾಗ ಕಲಿಸಿದ್ದೆ. ಮೂರನೇದು ಅವ್ರಿಗಿನ್ನೂ ತಾನಾಗೇ ಬಂದಿಲ್ಲ."

ಹೋದ ಸಲವೂ ಬಂದಿದ್ದವರು ಮೊದಲು ನಕ್ಕರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಹಲ್ಲಿನಕ್ಕ ಅಕ್ಕನನ್ನು ಹುಡುಕಿದಳು. ಅಕ್ಕ ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ತೆಗೆಯುತ್ತ, ಹಾಕುತ್ತ ಕೂತಿದ್ದಳು.

ಪರದೆಯ ಹಿಂದೆ ಭಾವ ಹಲ್ಲು ಮಸೆದ. "ಮನೆ ಮರ್ಯಾದೆ ಬೀದಿಗೆ ತಂದ್ಯಲ್ಲೇ!"

"ನಿಮ್ಮ ಮರ್ಯಾದೆ ಭಾವ. ಮನೇದಲ್ಲ."

ತಂಡ ಒಡೆಯಿತು. ಗಿಟಾರಿನವನೂ ತಬಲದವನೂ ಅವಳ ಜೊತೆ ಬಂದರು. ಲಾಂಡ್ರಿಯ ಮೇಲಿನ ಕೋಣೆಯಲ್ಲಿ, ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಏರಿ ಬರುತ್ತಿರುವಾಗ ಅವರ ಅಭ್ಯಾಸ. ಆ ಟ್ಯೂನು ನುಡಿಸಿ ಎಂದು ಜನ ಎಲ್ಲಿ ಹೋದರೂ ಕೇಳುತ್ತಾರೆ. ಆ ಬಿರುಸು ವಾದ್ಯದಲ್ಲಿ ಅದು ಮಂಚದ ಸರಳಿನ ಮೇಲೆ ಹುಟ್ಟಿದಾಗಿನ ಹಾಗಿಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ವಾದ್ಯ ಬದಲಾಯಿಸಿಲ್ಲ.

ಅಕ್ಕ ಬಹಳ ಕಾಲ ಮಾತು ಬಿಟ್ಟಿದ್ದಳು. ಆಮೇಲೊಮ್ಮೆ ಫೋನು ಮಾಡಿದಳು. ಅದೂ ಇದೂ ಮಾತಾಡಿ, "ಅವರು ರಾತ್ರಿ ಎಲ್ಲ ನಿದ್ದೆ ಮಾಡ್ತಿಲ್ಲ ಕಣೇ. ಒಂದ್ಸಲ ಬಂದು ಆಗಿದ್ದು ಆಗಿಹೋಯ್ತು ಅಂತ ಒಂದು ಮಾತು ಹೇಳಿಬಿಡೇ" ಅಂದಳು.

"ಊಟಕ್ಕೆ ಕರೆದ್ರೆ ಬರ್ತೀನಿ ಅಕ್ಕ" ಅಂದಳು ಹಲ್ಲಿನಕ್ಕ. "ಆ ಮಾತು ಮಾತ್ರ ಹೇಳಲ್ಲ."

ಅಕ್ಕ ಕರೆದಳು. ಇವಳು ಹೋದಳು. ಭಾವ ಎದುರಿಗೇ ಕೂತು ತಟ್ಟೆ ನೋಡಿಕೊಂಡು ಉಂಡ. ಹಲ್ಲಿನಕ್ಕ ಎರಡನೇ ಸಲ ಬಡಿಸಿಕೊಂಡು, ನಿಧಾನವಾಗಿ, ಹೊಟ್ಟೆ ತುಂಬ ಉಂಡಳು.