ಅಜ್ಜಿಯ ಹುಳು, ಮಣ್ಣಿನ ಮಾಳಿಗೆ, ನನ್ನ ತಗಡು

ನಮ್ಮ ಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ, ಕೋಳಿಯೂ ತಲೆ ತಗ್ಗಿಸಿ ಒಳಗೆ ಬರುತ್ತಿತ್ತು. ದಿಬ್ಬೂರಹಳ್ಳಿ ಪಕ್ಕದ ನಮ್ಮೂರಿನಲ್ಲಿ ಎಲ್ಲವೂ ಅಂಥವೇ: ಮೊಳ ದಪ್ಪದ ಮಣ್ಣಿನ ಗೋಡೆ, ತೊಲೆಗಳ ಮೇಲೆ ಸೊಪ್ಪು ಹರಡಿ ಚೌಳು ಮಣ್ಣು ಬಡಿದ ಚಪ್ಪಟೆ ಮಾಳಿಗೆ. ಶಿಡ್ಲಘಟ್ಟದ ಹೈಸ್ಕೂಲಿನ ಗೆಳೆಯರ ಮುಂದೆ ಮಾತ್ರ ನಮ್ಮದು ಗಾಜಿನ ಕಿಟಕಿಗಳ ಬಂಗಲೆ. ಮೊದಲು ಆರು ಕಿಟಕಿಗಳಿದ್ದವು. ದಸರಾ ರಜೆ ಮುಗಿಯುವಷ್ಟರಲ್ಲಿ ಹದಿನಾಲ್ಕಾದವು.

ಬೇಸಿಗೆಗೆ ಬಂಗಲೆ ನೋಡಲು ಬರುತ್ತೇವೆಂದು ಗೆಳೆಯರು ಹೇಳಿದಾಗ ನಾನು ಅಪ್ಪನ ಬೆನ್ನು ಬಿದ್ದೆ. ಮಾಳಿಗೆಯಿಂದ ಚೇಳು ಬೀಳುತ್ತವೆ ಎಂದೆ. ಬಿದ್ದದ್ದು ಒಂದು, ನನ್ನ ಬಾಯಲ್ಲಿ ಏಳು. ಪ್ರತಿವರ್ಷ ಮಳೆಗೆ ಮುಂಚೆ ಮಣ್ಣು ಹೊತ್ತು ಬಡಿದು ಅಪ್ಪನಿಗೂ ಸಾಕಾಗಿತ್ತು. ಪಡಸಾಲೆಯ ಮಾಳಿಗೆ ಕೀಳಿಸಿ ತಗಡು ಹೊದಿಸಲು ಒಪ್ಪಿದ.

"ಹುಳ ಎಲ್ಲಿ ಸಾಕ್ಲಪ್ಪ?" ಅಜ್ಜಿ ಕೇಳಿದಳು. ರೇಷ್ಮೆಹುಳು ಅವಳ ಪಾಲಿನ ಕೆಲಸ. ಅವಳ ಬಿದಿರು ತಟ್ಟೆಗಳಿದ್ದದ್ದು ಪಡಸಾಲೆಯಲ್ಲೇ.

"ಅಲ್ಲೇ ಕಣಮ್ಮ. ಬೆಳಕು ಚೆನ್ನಾಗ್ ಬರ್ತದೆ," ಎಂದ ಅಪ್ಪ.

"ಅವೇನು ಇಸ್ಕೂಲಿಗ್ ಹೋಗ್ತವಾ, ಬೆಳಕು ಬೇಕು ಅನ್ನಕ್ಕೆ? ತಂಪು ಬೇಕು."

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ತಗಡು ಬಂತು. ಗೆಳೆಯರು ಬರಲಿಲ್ಲ, ಬಿಸಿಲು ಜಾಸ್ತಿಯಂತೆ. ಅವರಿಗಿಟ್ಟಿದ್ದ ಜಂಬವನ್ನೆಲ್ಲ ಎದುರು ಮನೆಯ ದೊಡ್ಡಪ್ಪನ ಮುಂದೆ ಸುರಿದೆ. ತಗಡಿನ ಕೆಳಗೆ ಮಲಗಿದರೆ ನಂದಿ ಬೆಟ್ಟದ ಮೇಲೆ ಮಲಗಿದ ಹಾಗೆ, ಹೊದಿಕೆ ಬೇಕಾಗುತ್ತದೆ ಎಂದೆ. ಅವರ ಮನೆಯಲ್ಲೂ ಹುಳು ಸಾಕುತ್ತಿದ್ದರು.

ಆ ವಾರವೇ ನಮ್ಮ ಹುಳುಗಳು ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಸುಮ್ಮನಿರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ರಾಕ್ಷಸರ ಹಾಗೆ ತಿನ್ನಬೇಕು. ಇವು ಸೊಪ್ಪಿನ ಮೇಲೆ ತಲೆಯಿಟ್ಟು ಮಲಗಿದವು. ಮಧ್ಯಾಹ್ನ ಕಾದ ತಗಡಿನ ಮೇಲೆ ಕೂತ ಕಾಗೆ ಎರಡು ಹೆಜ್ಜೆ ಕುಣಿದು ಹಾರಿತು. ಅಜ್ಜಿ ಗೋಣಿ ನೆನೆಸಿ ಸುತ್ತ ಕಟ್ಟಿದಳು. ಮಾರನೆಯ ದಿನ ಹುಳುಗಳು ಮೆತ್ತಗಾಗಿ ಕಪ್ಪಿಟ್ಟು ನಾರತೊಡಗಿದವು.

ಮಾಳಿಗೆ ಉಳಿದಿದ್ದದ್ದು ಅಡುಗೆಮನೆಗೆ ಮಾತ್ರ. ಅಜ್ಜಿ ಒಲೆ ಆರಿಸಿ, ಹದಿನೈದರಲ್ಲಿ ಬದುಕಿದ್ದ ಮೂರು ತಟ್ಟೆಗಳನ್ನು ಅಲ್ಲಿಗೆ ಸಾಗಿಸಿದಳು. ನನ್ನನ್ನು ಬೈಯಲಿಲ್ಲ. ಸತ್ತವನ್ನು ಹೂಳಲು ತಿಪ್ಪೆಯ ಹತ್ತಿರ ಗುಂಡಿ ತೋಡು ಎಂದಳಷ್ಟೆ.

ಗುಂಡಿ ತೋಡುವಾಗ ಎದುರು ಮನೆಯ ಮಾಳಿಗೆಯ ಮೇಲೆ ಹಾರೆ ಹಿಡಿದ ಇಬ್ಬರು ಆಳುಗಳು ಕಂಡರು. ಅಂಗಳದಲ್ಲಿ ಹೊಸ ತಗಡು ಒರಗಿಸಿಟ್ಟಿದ್ದರು. ಮಣ್ಣಿನ ಕೈಯಲ್ಲೇ ಓಡಿದೆ.

"ದೊಡ್ಡಪ್ಪ, ನಿಲ್ಸು. ತಗಡಿನ ಕಾವಿಗೆ ನಮ್ಮ ಹುಳ ಸತ್ತೋದ್ವು. ಹನ್ನೆರಡು ತಟ್ಟೆ."

ಹನ್ನೆರಡೇ. ಒಂದೂ ಸೇರಿಸಿರಲಿಲ್ಲ.

ದೊಡ್ಡಪ್ಪ ಬೀಡಿ ತುದಿ ಕೊಡವಿ ನಕ್ಕ. "ನೀನು ಹನ್ನೆರಡು ಅಂದ್ರೆ ಒಂದು ಸತ್ತಿರ್ಬೇಕು. ಹೋಗು ನಾಯ್ನಾ, ಧೂಳು ಬೀಳ್ತದೆ."

"ಇಲ್ಲ ದೊಡ್ಡಪ್ಪ, ದೇವ್ರಾಣೆ. ಬಂದು ನೋಡು."

"ಚೇಳು ಏಳು ಬಿದ್ವು ಅಂತಾನೂ ಆಣೆ ಇಟ್ಟಿದ್ದೆ ಕಣೋ."

ಅಜ್ಜಿಯನ್ನು ಕರೆತರಲು ನಾನು ತಿರುಗಿದೆ. ಬೀದಿ ದಾಟುವಷ್ಟರಲ್ಲಿ ಹಾರೆ ಬಿತ್ತು, ಮಾಳಿಗೆಯ ಮೊದಲ ಹೆಂಟೆ ಅಂಗಳಕ್ಕೆ ಉರುಳಿತು.