ಸ್ಪ್ರಿಂಕ್ಲರ್ ಸೆಟ್ಟಿನ ಜೊತೆ ಬಂದ ಫ್ಲಾಪಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮತ್ತು ಕಾಲೇಜಿನ ಗೆಳೆಯ ಮೂಡಿಗೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕಾಫಿ ಎಸ್ಟೇಟುಗಳಿಗಾಗಿ ಸಾಫ್ಟ್‌ವೇರ್ ಬರೆದೆವು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ಎಲ್ಲ ಅದರಲ್ಲಿತ್ತು. ಬರೆಯಲು ಎರಡು ಮಳೆಗಾಲ ಹಿಡಿಯಿತೆಂದು ನನ್ನ ನೆನಪು. ಗೆಳೆಯ ಒಂದೇ ಅನ್ನುತ್ತಾನೆ. ಕಂಪ್ಯೂಟರ್ ಇದ್ದ ಎಸ್ಟೇಟುಗಳೇ ಆಗ ಬೆರಳೆಣಿಕೆ. ಅಷ್ಟು ಮಂದಿಯೂ ಕೊಂಡರೆ ಮಾತ್ರ ನಮ್ಮ ಕಸುಬು ಉಳಿಯುತ್ತಿತ್ತು.

ಮೊದಲು ಕೊಂಡವರು ಬಣಕಲ್ಲಿನ ಒಬ್ಬ ಹಿರಿಯ ಪ್ಲಾಂಟರು. ಆಮೇಲೆ ಯಾರೂ ಕೊಳ್ಳಲಿಲ್ಲ. ಕಾಫಿ ಹೂವಿಗೆ ನೀರು ಹಾಯಿಸುವ ಬೇಸಿಗೆಯಲ್ಲಿ, ಕೊನೆಯ ಪ್ರಯತ್ನವೆಂದು ಕಳಸದ ಕಡೆಯ ಒಂದು ಎಸ್ಟೇಟಿಗೆ ಹೋದೆ. ಯಜಮಾನರು ಆದರದಿಂದ ಕೂರಿಸಿ, ಕಾಫಿ ಕೊಡಿಸಿ, ಕಂಪ್ಯೂಟರ್ ಹಚ್ಚಿದರು. ತೆರೆಯ ಮೇಲೆ ನಮ್ಮದೇ ಸಾಫ್ಟ್‌ವೇರ್! ನೆತ್ತಿಯಲ್ಲಿ ಬಣಕಲ್ ಎಸ್ಟೇಟಿನ ಹೆಸರು.

“ಬಣಕಲ್ ಭಾವನೋರು ಸ್ಪ್ರಿಂಕ್ಲರ್ ಸೆಟ್ ಕಳಿಸಿದ್ರಲ್ಲ, ಅದೇ ಪಿಕಪ್ಪಲ್ಲಿ ಫ್ಲಾಪಿನೂ ಬಂತು. ನೀವು ಬಂದಿದ್ದು ಒಳ್ಳೇದಾಯ್ತು ನೋಡಿ. ಮೇಲಿನ ಆ ಹೆಸರೊಂದು ಹೋಗ್ತಾನೇ ಇಲ್ಲ. ಲೆಕ್ಕ ಬರೆಯೋ ನಮ್ಮ ರೈಟರು ಒದ್ದಾಡಿ ಒದ್ದಾಡಿ ಸುಸ್ತಾದ.”

“ಇದನ್ನ ಒಂದೊಂದು ಎಸ್ಟೇಟಿಗೂ ಬೇರೆಬೇರೆ ಮಾರೋದು ಸಾರ್.”

“ಒಂದ್ಸಲ ಮಾರಿದ್ದೀರಲ್ಲ ಮಾರಾಯ್ರೆ! ಸ್ಪ್ರಿಂಕ್ಲರ್ ಆದ್ರೆ ಇಲ್ಲಿದ್ದಾಗ ಅಲ್ಲಿರಲ್ಲ. ಇದು ಅವರ ಹತ್ರನೂ ಇದೆ, ನನ್ನ ಹತ್ರನೂ ಇದೆ. ಯಾರಿಗೇನು ಕಷ್ಟ?”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮಳೆ ತಪ್ಪಿದ ವರ್ಷ ಇನ್ನೊಬ್ಬರ ಹೂ ಒಣಗದಿರಲೆಂದು ತಮ್ಮ ಪಂಪು ಕಳಿಸುವ ಜನ. ಆ ಪದ್ಧತಿಯಲ್ಲೇ ನಾನೂ ಬೆಳೆದವನು. ಅವತ್ತು ಗಟ್ಟಿಯಾಗಿ ಏನೋ ಉತ್ತರ ಕೊಟ್ಟೆನೆಂದು ಬಹುಕಾಲ ನಂಬಿದ್ದೆ. ಈಗ ಅನುಮಾನ. ಆ ಉತ್ತರವನ್ನು ಬಹುಶಃ ವಾಪಸು ಬರುವ ಬಸ್ಸಿನಲ್ಲಿ ಕಟ್ಟಿಕೊಂಡಿರಬೇಕು. ಹೆಸರು ಬದಲಿಸಿಕೊಟ್ಟದ್ದು ಮಾತ್ರ ಖಂಡಿತ. “ಈಗ ನಮ್ಮದೇ ಆಯ್ತು” ಎಂದು ಅವರು ಖುಷಿಪಟ್ಟರು. ಹೊರಡುವಾಗ ಒಂದು ಚೀಲ ಕಾಳುಮೆಣಸು ಕೈಗಿಟ್ಟರು.

ಗೆಳೆಯ ಚೀಲ ಬಿಚ್ಚಿ ಮೂಸಿದ. “ಓನರಿಗೆ ಕೊಡಾಣ, ಈ ತಿಂಗಳ ಬಾಡಿಗೆಗೆ.”

ಇಬ್ಬರೂ ನಗಲಿಲ್ಲ. ಮಳೆ ಹಿಡಿಯುವ ಮುಂಚೆ ಕೋಣೆ ಬಿಟ್ಟು ಬೋರ್ಡು ಇಳಿಸಿದೆವು.

ಚಿಕ್ಕಮಗಳೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ ಮೇಲೂ ನನಗೆ ಫೋನ್ ಬರುತ್ತಿತ್ತು, ನಾವು ಎಂದೂ ಕಾಲಿಡದ ಎಸ್ಟೇಟುಗಳಿಂದ. ದೇವರಮನೆ ಬೆಟ್ಟದ ಕಡೆಯ ಒಬ್ಬರು ಹೇಳಿದರು: “ನಿಮ್ಮ ಸಾಫ್ಟ್‌ವೇರ್ ಬಹಳ ಚೆನ್ನಾಗಿದೆ. ಆಳುಗಳ ಬೋನಸ್ ಲೆಕ್ಕ ಒಂದು ತಪ್ಪು ಬರ್ತಿದೆ. ಯಾವಾಗ ಬರ್ತೀರಿ? ಊಟಕ್ಕೇ ಬನ್ನಿ.”

ಭಾನುವಾರ ಬರುತ್ತೇನೆ ಎಂದೆ.